ಇಳಿಯುವ ತಾಣ: ಮುಂಬಯಿಯ ವಸತಿಗೃಹಗಳು ನಡೆದು ಬಂದ ದಾರಿ

ಊರಿನಿಂದ ಮುಂಬಯಿಗೆ ಹೊರಟವರು ಇಲ್ಲಿರುವ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ. "ಊರ ನಡುವೆ ಇರಬೇಕು, ಸ್ಟೇಷನ್ನಿಗೆ ಹತ್ತಿರವಾಗಬೇಕು, ಮನೆಮಂದಿ ಇಳಿದುಕೊಳ್ಳುವಂತಿರಬೇಕು, ಅಂಥ ಲಾಡ್ಜು ಯಾವುದಿದೆ?" ಹಿಂದೆ ಈ ಪ್ರಶ್ನೆ ಕಾರ್ಡಿನಲ್ಲಿ ಬರುತ್ತಿತ್ತು, ಈಗ ಫೋನಿನಲ್ಲಿ ಬರುತ್ತದೆ. ಕೇಳುವವರಲ್ಲಿ ಮದುವೆಗೆ ಬರುವ ನೆಂಟರಿರುತ್ತಾರೆ, ಮಗಳನ್ನು ಕಾಲೇಜಿಗೆ ಸೇರಿಸಲು ಬರುವ ತಂದೆಯಿರುತ್ತಾರೆ, ಪರೇಲಿನ ಆಸ್ಪತ್ರೆಗೆ ಕಾಯಿಲೆಯವರನ್ನು ಕರೆತರುವವರಿರುತ್ತಾರೆ. ಒಂದೂವರೆ ಕೋಣೆಯಲ್ಲಿ ಐದಾರು ಜನ ಸಂಸಾರ ಮಾಡುವ ನಾವು "ನಮ್ಮಲ್ಲೇ ಬನ್ನಿ" ಎನ್ನುವ ಮನಸ್ಸಿದ್ದರೂ ಹೇಳಲಾರದೆ, ತಿಳಿದ ಒಂದೆರಡು ಹೆಸರು ಹೇಳಿ ಸುಮ್ಮನಾಗುತ್ತೇವೆ.

ಪ್ರಶ್ನೆ ಸರಳವಾಗಿ ಕಾಣುವುದು ನಮ್ಮ ಊರುಗಳ ಲೆಕ್ಕದಿಂದ. ಧಾರವಾಡವಾಗಲಿ ಉಡುಪಿಯಾಗಲಿ, ದೇವಸ್ಥಾನವೋ ಪೇಟೆಯೋ ಬಸ್ ನಿಲ್ದಾಣವೋ ಒಂದು ನಡು ಇರುತ್ತದೆ. ಅಲ್ಲಿಂದ ನಾಲ್ಕು ದಿಕ್ಕಿಗೂ ದಾರಿ. ಮುಂಬಯಿಗೆ ಅಂಥ ನಡುವಿಲ್ಲ. ಏಳು ದ್ವೀಪಗಳನ್ನು ಮಣ್ಣು ತುಂಬಿ ಜೋಡಿಸಿದ ಉದ್ದನೆಯ ಭೂಮಿ ಇದು, ದಕ್ಷಿಣದ ತುದಿಯಲ್ಲಿ ಕೋಟೆ, ಬಂದರು, ಕಚೇರಿಗಳು, ಉತ್ತರಕ್ಕೆ ಜನ. ಭೂಪಟದಲ್ಲಿ ತುದಿಯಾಗಿರುವುದೇ ನೂರಾರು ವರ್ಷ ವ್ಯವಹಾರಕ್ಕೆ ನಡುವಾಯಿತು. ಹೊಸಬರು ಎಲ್ಲಿ ಇಳಿಯುತ್ತಿದ್ದರೋ ಅದರ ಸುತ್ತ ವಸತಿಗೃಹಗಳು ಎದ್ದವು. ಇಳಿಯುವ ತಾಣ ಬದಲಾದಾಗ ಅವುಗಳ ದೆಸೆಯೂ ಬದಲಾಯಿತು. ಒಳಗೆ ಯಾರನ್ನು ಬಿಟ್ಟುಕೊಳ್ಳುತ್ತಿದ್ದರು ಎಂಬುದು ಇದರೊಳಗಿನ ಇನ್ನೊಂದು ಕಥೆ.

ಮೊದಲು ಹಡಗಿನ ಕಾಲ. 1860ರ ದಶಕದ ಮೊದಲ ಭಾಗದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆಗಳನ್ನು ಕೆಡವಿಸಿದ. ಅದರ ಹೊರಗಿದ್ದ ಬಯಲಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ಜಾಗ ಸಿಕ್ಕಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯೂರೋಪಿನಿಂದ ಬರುವವರಿಗೆ ಮುಂಬಯಿ ಭಾರತದ ಹೆಬ್ಬಾಗಿಲಾಯಿತು. ಅದೇ ವರ್ಷಗಳಲ್ಲಿ ಈಗಿನ ಕಾಲಾ ಘೋಡಾ ಬಳಿ ಜಾನ್ ವಾಟ್ಸನ್ ಎಂಬ ವ್ಯಾಪಾರಿ ಹೋಟೆಲೊಂದನ್ನು ಎಬ್ಬಿಸಿದ. ಅದರ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದರು. ಸುಮಾರು 130 ಕೋಣೆಗಳು. ಅಪೊಲೊ ಬಂದರಿನಲ್ಲಿ ಇಳಿದವನಿಗೆ ಕುದುರೆಗಾಡಿಯಲ್ಲಿ ಕೆಲವೇ ನಿಮಿಷದ ಹಾದಿ. ಕಚೇರಿ, ಬ್ಯಾಂಕು, ನ್ಯಾಯಾಲಯಗಳೆಲ್ಲ ಪಕ್ಕದಲ್ಲೇ. ಇದಕ್ಕಿಂತ ಅನುಕೂಲದ ಜಾಗ ಆ ಕಾಲಕ್ಕೆ ಇರಲಿಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1896ರಲ್ಲಿ ಇಳಿದುಕೊಂಡದ್ದು ಇಲ್ಲಿ. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ತೋರಿಸಲ್ಪಟ್ಟದ್ದೂ ಇಲ್ಲಿಯೇ.

ಆದರೆ ವಾಟ್ಸನ್ ಹೋಟೆಲಿನ ಬಾಗಿಲು ಬಿಳಿಯರಿಗೆ ಮಾತ್ರ. ಜಮ್‌ಶೆಟ್‌ಜಿ ಟಾಟಾ ಅವರನ್ನು ಅಲ್ಲಿ ಒಳಗೆ ಬಿಡಲಿಲ್ಲವೆಂದೂ, ಆ ಸಿಟ್ಟಿನಿಂದಲೇ ಅವರು ತಾಜಮಹಲ್ ಹೋಟೆಲು ಕಟ್ಟಿಸಿದರೆಂದೂ ಒಂದು ಕಥೆ ಎಲ್ಲರ ಬಾಯಲ್ಲಿದೆ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಪ್ಲೇಗಿನಿಂದ ಹೆದರಿ ಖಾಲಿಯಾಗುತ್ತಿದ್ದ ನಗರದ ಬಗ್ಗೆ ಅವರಿಗಿದ್ದ ಅಭಿಮಾನ ಅದಕ್ಕಿಂತ ದೊಡ್ಡ ಕಾರಣವಿದ್ದೀತು ಎಂದು ನನಗೂ ತೋರುತ್ತದೆ. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಮೊದಲ ದಿನದ ಅತಿಥಿಗಳು ಹದಿನೇಳು ಜನ. ಆಗ ಎದುರಿಗೆ ಗೇಟ್‌ವೇ ಆಫ್ ಇಂಡಿಯಾ ಇರಲಿಲ್ಲ; ಅದು ಮುಗಿದದ್ದು 1924ರಲ್ಲಿ. ತಾಜ್ ಹೋಟೆಲನ್ನು ಯಾರೋ ತಪ್ಪಿ ಹಿಂದುಮುಂದಾಗಿ ಕಟ್ಟಿದರು ಎಂದು ನಮ್ಮ ಟ್ಯಾಕ್ಸಿಯವರು ಇಂದಿಗೂ ಹೇಳುತ್ತಾರೆ. ವಿಷಯ ಇಷ್ಟೇ: ಗಾಡಿಗಳು ಬರುತ್ತಿದ್ದುದು ಊರಿನ ಕಡೆಯಿಂದ, ಆದ್ದರಿಂದ ಮೊದಲ ಹೆಬ್ಬಾಗಿಲನ್ನು ಪಶ್ಚಿಮಕ್ಕೆ ಇಟ್ಟಿದ್ದರು. ಬಾಗಿಲು ಸಮುದ್ರದ ಕಡೆಗೆ ತಿರುಗಿದ್ದು ಆಮೇಲೆ.

ಇವೆಲ್ಲ ದೊಡ್ಡವರ ಸಂಗತಿ. ಸಾಮಾನ್ಯ ಪ್ರಯಾಣಿಕ ಎಲ್ಲಿ ತಂಗುತ್ತಿದ್ದ? ಅವನ ಮಟ್ಟಿಗೆ ಹೋಟೆಲಿಗಿಂತ ಮೊದಲು ಇದ್ದದ್ದು ಧರ್ಮಶಾಲೆ. ಭುಲೇಶ್ವರ, ಸಿ.ಪಿ. ಟ್ಯಾಂಕ್ ಸುತ್ತಿನ ಮಾಧವಬಾಗ್, ಹೀರಾಬಾಗ್‌ಗಳಂಥ ತಾಣಗಳು ಗುಜರಾತಿ, ಜೈನ ಸೇಠರ ದಾನದಿಂದ ಎದ್ದವು. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿ ಸಾಬು ಸಿದ್ದೀಕ್ ಮುಸಾಫಿರ್‌ಖಾನೆ. ಹಜ್ ಯಾತ್ರೆಗೆ ಹಡಗು ಹತ್ತಲು ದೇಶದ ಮೂಲೆ ಮೂಲೆಯಿಂದ ಬಂದವರಿಗೆ ಅದು ನೆರಳು. ಗೋವೆಯ ಹಳ್ಳಿಗಳವರು ಧೋಬಿತಲಾವ್, ಮಜಗಾಂವ್ ಕಡೆ ತಂತಮ್ಮ ಹಳ್ಳಿಯ ಹೆಸರಿನಲ್ಲಿ 'ಕುಡ್'ಗಳನ್ನು ಮಾಡಿಕೊಂಡರು. ಹಡಗಿನ ಕೆಲಸಕ್ಕೆ ಕಾಯುವ ಹುಡುಗ ತನ್ನ ಊರವರ ಕುಡ್ಡಿನಲ್ಲಿ ಒಂದು ಪೆಟ್ಟಿಗೆ ಇಟ್ಟು, ಚಾಪೆ ಹಾಸಿ ಮಲಗಬಹುದಿತ್ತು. ಇವೆಲ್ಲ ಇರುವ ಸ್ಥಳಗಳನ್ನು ನೋಡಿ: ಬಂದರಿಗೋ ಬೋರಿಬಂದರಿಗೋ ನಡೆದು ಹೋಗುವಷ್ಟು ಹತ್ತಿರ. ಗಾಡಿಗೆ ಕಾಸು ಕೊಡಲಾರದವನಿಗೆ ಬೇಕಾದದ್ದು ಅದೇ.

ಪ್ರತಿಯೊಂದು ತಾಣವೂ ಒಂದು ಜಾತಿಗೆ, ಮತಕ್ಕೆ, ಊರಿಗೆ ಸೇರಿದ್ದು ಎಂಬುದನ್ನೂ ಮರೆಯುವಂತಿಲ್ಲ. ತನ್ನವರಿಲ್ಲದವನಿಗೆ ಜಾಗವಿಲ್ಲ. ಇದರ ಅತಿ ಕಹಿಯಾದ ದಾಖಲೆ ಡಾ. ಅಂಬೇಡ್ಕರರದು, ನಡೆದದ್ದು ಬರೋಡೆಯಲ್ಲಿ. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಮರಳಿ, ಮಹಾರಾಜರ ಕೆಲಸಕ್ಕೆಂದು ಬರೋಡೆಯ ಸ್ಟೇಷನ್ನಿನಲ್ಲಿ ಇಳಿದಾಗ, ಹಿಂದೂ ಹೋಟೆಲುಗಳಲ್ಲಿ ತಮಗೆ ಸ್ಥಳ ಸಿಗದೆಂದು ಅವರಿಗೆ ಗೊತ್ತಿತ್ತು. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಸ್ನೇಹಿತರ ಮನೆಗಳಲ್ಲೂ ಸ್ಥಳ ಸಿಗದೆ, ಊರಿನ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು ರಾತ್ರಿಯ ಗಾಡಿಗೆ ಮುಂಬಯಿಗೆ ಮರಳಿದರು. ಸ್ಟೇಷನ್ನಿಗೆ ಹತ್ತಿರವೋ ದೂರವೋ ಎಂಬ ಪ್ರಶ್ನೆ ಏಳುವುದೇ ಬಾಗಿಲು ತೆರೆದ ಮೇಲೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿ ಇರಕೂಡದೆಂದು ಬಿಡಿಸಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಡ್ಡಿ ಮಾಡಿದವರಿಗೆ ಶಿಕ್ಷೆಯನ್ನೂ ವಿಧಿಸಿತು. ಹೋಟೆಲೆಂಬ ಮಾತನ್ನು ಸಂವಿಧಾನದಲ್ಲಿ ಬರೆಯಬೇಕಾಗಿ ಬಂತೆಂದರೆ ಅದರ ಹಿಂದಿನ ಅನುಭವ ಎಂಥದೆಂದು ಊಹಿಸಿಕೊಳ್ಳಬಹುದು. ಇಂದಿಗೂ ಹೆಸರು ಕೇಳಿದ ಮೇಲೆ "ಕೋಣೆ ಖಾಲಿಯಿಲ್ಲ" ಎನ್ನುವ ಮಾಲೀಕರು ಒಬ್ಬರೂ ಇಲ್ಲವೆಂದು ನಾನು ಹೇಳಲಾರೆ.

ಇನ್ನು ನಮ್ಮವರ ವಿಷಯ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಆ ಜಿಲ್ಲೆಗಳ ಮಟ್ಟಿಗೆ ಮುಂಬಯಿ ಪರವೂರಾಗಿರಲಿಲ್ಲ, ರಾಜಧಾನಿಯಾಗಿತ್ತು. ಜಮೀನಿನ ತಕರಾರು ಮೇಲಿನ ಕೋರ್ಟಿಗೆ ಹೋದರೆ ಮುಂಬಯಿ ಹೈಕೋರ್ಟು. ವರ್ಗಾವಣೆಗೋ ಬಡತಿಗೋ ಅರ್ಜಿಯಾದರೆ ಮುಂಬಯಿ ಸಚಿವಾಲಯ. ಪದವಿಯಾದರೆ 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮೊದಲು ಕಣ್ಣು ಬಿಟ್ಟದ್ದು ಮುಂಬಯಿಯಲ್ಲಿ; ಮರುವರ್ಷ ಧಾರವಾಡಕ್ಕೆ ಹೋಯಿತು. ಹೈಕೋರ್ಟು, ವಿಶ್ವವಿದ್ಯಾಲಯ, ಸಚಿವಾಲಯ ಮೂರೂ ಕೋಟೆಯ ಬಯಲಿನ ಒಂದೇ ಸಾಲಿನಲ್ಲಿ. ಹೀಗಾಗಿ ಹುಬ್ಬಳ್ಳಿಯ ಕಕ್ಷಿದಾರನಿಗೆ ಫೋರ್ಟೇ ಊರ ನಡು. ಫೋರ್ಟಿನಲ್ಲೋ ಬೋರಿಬಂದರಿನ ಆಸುಪಾಸಿನಲ್ಲೋ ಮಲಗಲು ನಾಲ್ಕು ಮೊಳ ಜಾಗ ಸಿಕ್ಕಿದರೆ ವಕೀಲರ ಮನೆ ಬಾಗಿಲಿಗೆ ನಡೆದು ಹೋಗಬಹುದು. ಊಟಕ್ಕೆ ಖಾನಾವಳಿ ಉಂಟು.

ಅವನು ಬರುತ್ತಿದ್ದ ದಾರಿ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದಿಂದ ಚಿಕ್ಕ ಗೇಜಿನ ಗಾಡಿ. ಪುಣೆಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ದೊಡ್ಡ ಗೇಜಿನ ಗಾಡಿ ಹತ್ತಿ, ಬೋರಘಾಟ್ ಇಳಿದು ವಿ.ಟಿ. ಮುಂದೆ ಪುಣೆ-ಮೀರಜ್ ಮಾರ್ಗ ದೊಡ್ಡದಾದಾಗ ಈ ಇಳಿಯುವ ಹತ್ತುವ ಕೆಲಸ ಮೀರಜಿಗೆ ಬಂತು. ಮೀರಜಿನಿಂದ ಬೆಂಗಳೂರಿನವರೆಗೂ ಒಂದೇ ಗೇಜು ಆದದ್ದು 1990ರ ದಶಕದಲ್ಲಿ. ಕರಾವಳಿಯವರ ಕಥೆ ಬೇರೆ. ಮಳೆಗಾಲ ಕಳೆದ ಮೇಲೆ ಕರಾವಳಿಯ ಬಂದರುಗಳಿಂದ ಹಡಗು ಹತ್ತಿ ಬಂದು ಮುಂಬಯಿಯ ಧಕ್ಕೆಯಲ್ಲಿ ಇಳಿಯುತ್ತಿದ್ದರು. ಇಳಿದವರಲ್ಲಿ ಬಹಳಷ್ಟು ಹುಡುಗರಿಗೆ ಲಾಡ್ಜಿನ ಪ್ರಶ್ನೆಯೇ ಇರಲಿಲ್ಲ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರು. ನಮ್ಮ ಸಂಘಗಳನ್ನು ಕಟ್ಟಿದ ಹಿರಿಯರಲ್ಲಿ ಹಲವರ ಮೊದಲ ವಿಳಾಸ ಅದು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗಬೇಕು. ನಮ್ಮ ಭಾಷೆಯಲ್ಲಿ 'ಹೋಟೆಲು' ಎಂದರೆ ತಿನ್ನುವ ಜಾಗ, ಮಲಗುವುದಾದರೆ 'ಲಾಡ್ಜು'. ಎರಡೂ ಇದ್ದರೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಬೋರ್ಡು. ಇದರಲ್ಲಿಯೂ ಗೊಂದಲವುಂಟು. ಮಾಟುಂಗಾ ಸ್ಟೇಷನ್ನಿಗೆ ಅಂಟಿಕೊಂಡಂತಿರುವ, 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಕೇಳಿ, ಹಾಸಿಗೆ ಸುತ್ತಿಕೊಂಡು ಬಂದವರಿಗೆ ಅಲ್ಲಿ ಬಾಳೆಲೆ ಸಿಕ್ಕೀತು, ಮಂಚ ಸಿಗದು.

ರೈಲಿನ ಕಾಲ ಆರಂಭವಾದದ್ದು 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ 21 ಮೈಲಿಯ ಮೊದಲ ಪ್ರಯಾಣದಿಂದ. ಅಲ್ಲಿಯೇ 1878ರಿಂದ ಹತ್ತು ವರ್ಷ ಕಟ್ಟಿ ಮುಗಿಸಿದ್ದು ಫ್ರೆಡರಿಕ್ ಸ್ಟೀವನ್ಸ್‌ನ ವಿಕ್ಟೋರಿಯಾ ಟರ್ಮಿನಸ್. 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ 'ಮಹಾರಾಜ್' ಸೇರಿತು. ಮುದುಕರು ಬೋರಿಬಂದರ್ ಎಂದರೂ, ನಡುವಯಸ್ಸಿನವರು ವಿ.ಟಿ. ಎಂದರೂ, ಟಿಕೆಟ್ಟಿನಲ್ಲಿ ಸಿ.ಎಸ್.ಎಂ.ಟಿ. ಎಂದಿದ್ದರೂ ಸ್ಥಳ ಒಂದೇ. ಇಲ್ಲಿಂದ ಊರೊಳಗೆ ಹೋಗಲು 1874ರ ಮೇ 9ರಂದು ಕುದುರೆ ಎಳೆಯುವ ಟ್ರಾಮುಗಳು ಬಂದವು: ಒಂದು ಕೊಲಾಬಾದಿಂದ, ಇನ್ನೊಂದು ಬೋರಿಬಂದರಿನಿಂದ, ಎರಡೂ ಪಾಯಧುನಿಗೆ. 1907ರಲ್ಲಿ ವಿದ್ಯುತ್ ಟ್ರಾಮು. 1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು. ಟ್ರಾಮು ತಿರುಗುವ ಬೀದಿಗಳೆಲ್ಲ ಪ್ರವಾಸಿಯ ಲೆಕ್ಕಕ್ಕೆ 'ಸ್ಟೇಷನ್ನಿಗೆ ಹತ್ತಿರ' ಆದವು. ವಿ.ಟಿ., ಕ್ರಾಫರ್ಡ್ ಮಾರ್ಕೆಟ್, ಕಾಳಬಾದೇವಿಗಳ ಸುತ್ತ ಮಹಡಿ ಮೇಲಿನ ಚಿಕ್ಕ ಲಾಡ್ಜುಗಳು ಹೆಚ್ಚಲು ಇದು ಮುಖ್ಯ ಕಾರಣ. ಕೆಳಗೆ ಬಟ್ಟೆಯಂಗಡಿ, ಮೇಲೆ ನಾಲ್ಕು ಮಂಚದ ಕೋಣೆ. ವ್ಯಾಪಾರಕ್ಕೆ ಬಂದವನು ಸರಕು ನೋಡುವುದೂ ನಿದ್ದೆ ಮಾಡುವುದೂ ಒಂದೇ ಮೆಟ್ಟಿಲಲ್ಲಿ.

ಸ್ಟೇಷನ್ನನ್ನು ನಂಬಿದವರಿಗೆ ಕೈಕೊಟ್ಟ ಉದಾಹರಣೆಯೂ ಉಂಟು. ಪಶ್ಚಿಮದ ಬಿ.ಬಿ. ಅಂಡ್ ಸಿ.ಐ. ರೈಲ್ವೆ ಒಂದು ಕಾಲಕ್ಕೆ ಚರ್ಚ್‌ಗೇಟಿನಲ್ಲಿ ನಿಲ್ಲದೆ ಕೊಲಾಬಾದವರೆಗೆ ಹೋಗುತ್ತಿತ್ತು. ಉತ್ತರದ ಮೇಲ್ ಗಾಡಿಯಿಂದ ಇಳಿದವರಿಗೆ ಕೊಲಾಬಾದ ವಸತಿಗೃಹಗಳು ಕೂಗಳತೆಯಲ್ಲಿ. ಬ್ಯಾಕ್‌ಬೇಯಲ್ಲಿ ಸಮುದ್ರ ತುಂಬಿಸುವ ಯೋಜನೆ ಬಂತು. ಆ ಹಳಿಗಳನ್ನು ಕೀಳಬೇಕೆಂದಾಯಿತು. 1930ರ ಡಿಸೆಂಬರಿನಲ್ಲಿ ಬಾಂಬೇ ಸೆಂಟ್ರಲ್ ತೆರೆಯಿತು. ಆ ತಿಂಗಳು ಮುಗಿಯುವುದರೊಂದಿಗೆ ಕೊಲಾಬಾ ಸ್ಟೇಷನ್ ಮುಚ್ಚಿತು. ದೂರದ ಗಾಡಿಗಳೆಲ್ಲ ಉತ್ತರಕ್ಕೆ ಸರಿದವು. ಕೊಲಾಬಾದವರಿಗೆ ಆಗ ಉಳಿದದ್ದು ಸಮುದ್ರದ ಗಾಳಿ ಮತ್ತು ಹಡಗಿನ ಪ್ರಯಾಣಿಕರು. ಅಂದಹಾಗೆ, ಮುಂಬಯಿ ಸೆಂಟ್ರಲ್ ಎಂಬ ಸ್ಟೇಷನ್ನು ಸೆಂಟ್ರಲ್ ರೈಲ್ವೆಯದಲ್ಲ, ವೆಸ್ಟರ್ನ್ ರೈಲ್ವೆಯದು. ಅದು ಊರ ನಡುವೆಯೂ ಇಲ್ಲ. 'ಸೆಂಟ್ರಲ್' ಎಂಬ ಹೆಸರು ನೋಡಿ ಅದರ ಎದುರಿನಲ್ಲಿ ಕೋಣೆ ಹಿಡಿದು, ವಿ.ಟಿ.ಗೆ ಬರುವ ಬೆಂಗಳೂರಿನ ಗಾಡಿಯಿಂದ ಇಳಿದು ಪೇಚಾಡುವ ಕನ್ನಡಿಗರು ವರ್ಷಕ್ಕೆ ನಾಲ್ಕು ಜನವಾದರೂ ಇರುತ್ತಾರೆ.

ಬಲ್ಲಾರ್ಡ್ ಪಿಯರಿನದೂ ಇದೇ ಕಥೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬಂದರಿನವರು ಹೊಸ ಭೂಮಿ ಎಬ್ಬಿಸಿದರು. ಜಾರ್ಜ್ ವಿಟೆಟ್ ಅದಕ್ಕೆ ಒಂದೇ ಎತ್ತರದ, ಒಂದೇ ಬಗೆಯ ಕಟ್ಟಡಗಳ ರೂಪ ಕೊಟ್ಟ. ಹಡಗು ಇಳಿದವರು ಅಲ್ಲಿಯೇ ರೈಲು ಹತ್ತಿ ಪೇಶಾವರದವರೆಗೆ ಹೋಗಬಹುದಿತ್ತು. ಎರಡನೆಯ ಯುದ್ಧದ ಕಾಲಕ್ಕೆ ಆ ಸ್ಟೇಷನ್ ಮುಚ್ಚಿತು. ವಿಮಾನಗಳು ಬಂದು ಯೂರೋಪಿನ ಪ್ರಯಾಣಿಕ ಹಡಗುಗಳೂ ಇಲ್ಲವಾದವು. ವಾಟ್ಸನ್ ಹೋಟೆಲು ಅದಕ್ಕಿಂತ ಮೊದಲೇ ಕಳೆಗುಂದಿ, ಕಡೆಗೆ ಹೋಟೆಲಾಗಿ ಉಳಿಯದೆ, ಎಸ್ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ವಕೀಲರ ಪುಟ್ಟ ಪುಟ್ಟ ಕಚೇರಿಗಳ ಗೂಡಾಯಿತು. 2019ರಲ್ಲಿ ಕಟ್ಟಡ ಅಪಾಯದ ಸ್ಥಿತಿಯಲ್ಲಿದೆಯೆಂದು ನ್ಯಾಯಾಲಯದ ಆದೇಶದ ಮೇಲೆ ಖಾಲಿ ಮಾಡಿಸಿದರು.

ಊರ ಸಂಚಾರದ ನಿಜವಾದ ನಡು ಅಷ್ಟರಲ್ಲಿ ಉತ್ತರಕ್ಕೆ, ದಾದರಿಗೆ ಸರಿದಿತ್ತು. ಅದಕ್ಕೆ ಕಾರಣ ಪ್ಲೇಗು. 1896ರ ಪ್ಲೇಗಿನಲ್ಲಿ ಕಿಕ್ಕಿರಿದ ದಕ್ಷಿಣದ ಓಣಿಗಳು ಸ್ಮಶಾನವಾದವು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ದಾದರ್, ಮಾಟುಂಗಾ, ವಡಾಲಾ, ಸಾಯನ್‌ಗಳ ಗದ್ದೆಬಯಲಿನಲ್ಲಿ ಅಗಲವಾದ ರಸ್ತೆಗಳ ಬಡಾವಣೆ ಹಾಕಿತು. ತೆಂಕಣದ ನೌಕರವರ್ಗ ಮಾಟುಂಗಾಕ್ಕೆ ಬಂದು ನೆಲೆಸಿತು. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದ ಮೇಲೆ ದೂರ ಎಂಬ ಮಾತಿನ ಅರ್ಥವೇ ಬದಲಾಯಿತು. ದಾದರಿನ ಹೆಚ್ಚುಗಾರಿಕೆ ಏನೆಂದರೆ ಸೆಂಟ್ರಲ್, ವೆಸ್ಟರ್ನ್ ಎರಡೂ ಹಳಿಗಳು ಅಲ್ಲಿ ಅಕ್ಕಪಕ್ಕ ಬರುತ್ತವೆ. ಒಂದು ಸೇತುವೆ ದಾಟಿದರೆ ಆ ಲೈನಿನಿಂದ ಈ ಲೈನಿಗೆ. 1964ರ ಮಾರ್ಚ್ 31ರಂದು ಮುಂಬಯಿಯ ಕಟ್ಟಕಡೆಯ ಟ್ರಾಮು ಓಡಿದ್ದೂ ಬೋರಿಬಂದರಿನಿಂದ ದಾದರಿಗೇ.

ಆದ್ದರಿಂದ ಕೇಳುವವರಿಗೆ ನಾನು ಹೇಳುವುದು: ಭೂಪಟದಲ್ಲಿ ಎಷ್ಟು ಕಿಲೋಮೀಟರೆಂದು ನೋಡಬೇಡಿ, ಎಷ್ಟು ಸಲ ಇಳಿದು ಹತ್ತಬೇಕೆಂದು ಎಣಿಸಿ. ಮುಂಬಯಿಯಲ್ಲಿ ಒಂದೇ ಗಾಡಿಯಲ್ಲಿ ಹದಿನೈದು ಕಿಲೋಮೀಟರು ಹೋಗುವುದು ಸುಲಭ. ಎರಡು ಬದಲಾವಣೆಯೊಡನೆ ಐದು ಕಿಲೋಮೀಟರು ಹೋಗುವುದು ಕಷ್ಟ. ಎರಡನೆಯದು, ಜನ ಬೆಳಿಗ್ಗೆ ದಕ್ಷಿಣಕ್ಕೆ ನುಗ್ಗುತ್ತಾರೆ, ಸಂಜೆ ಉತ್ತರಕ್ಕೆ. ಅಂಧೇರಿಯಲ್ಲಿ ಅಗ್ಗದ ಕೋಣೆ ಸಿಕ್ಕಿತೆಂದು ಇಳಿದು, ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳೊಡನೆ ಚರ್ಚ್‌ಗೇಟಿಗೆ ಹೊರಟವರ ಪಾಡು ಹೇಳತೀರದು. ಫೋರ್ಟಿನಲ್ಲಿ ಇಳಿದು ಬೆಳಿಗ್ಗೆ ಉತ್ತರಕ್ಕೆ ಹೋಗುವವರಿಗೆ ಕುಳಿತುಕೊಳ್ಳಲು ಜಾಗವೇ ಸಿಕ್ಕೀತು. ಮೂರನೆಯದು, ಆಟೋರಿಕ್ಷಾಗಳು ದ್ವೀಪದ ಹಳೆಯ ಊರಿನೊಳಕ್ಕೆ ಬರುವಂತಿಲ್ಲ. ಬಾಂದ್ರಾ, ಸಾಯನ್ ಕಡೆ ಅವುಗಳ ಎಲ್ಲೆ ಮುಗಿಯುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಮಂಗಳೂರಿನ ಕಡೆಯವರಲ್ಲಿ ಬಹುಮಂದಿ ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಅಲ್ಲಿ ಬೆಳಗಿನ ಜಾವ ಇಳಿದು ದಾದರಿಗೆ ಆಟೋ ಕೇಳಿದರೆ ಸಿಗುವುದಿಲ್ಲ, ಟ್ಯಾಕ್ಸಿ ಹಿಡಿಯಬೇಕು.

ಈ ಲೆಕ್ಕಾಚಾರಗಳೆಲ್ಲ ಮದುವೆಗೆ, ಊರು ನೋಡಲು ಬಂದವರಿಗೆ ಅನುಕೂಲದ ಮಾತು. ತಪ್ಪಿದರೆ ಒಂದು ದಿನದ ದಣಿವು, ಅಷ್ಟೇ. ಪರೇಲಿಗೆ ಬರುವವರಿಗೆ ಹಾಗಲ್ಲ.

ಪರೇಲು ಒಂದು ಕಾಲಕ್ಕೆ ಗವರ್ನರುಗಳ ತೋಟದ ಬಂಗಲೆಯ ಊರು. ಗವರ್ನರರು ಬಿಟ್ಟುಹೋದ ಆ ಬಂಗಲೆಗೆ 1899ರಲ್ಲಿ ಹಾಫ್‌ಕಿನ್ ಪ್ಲೇಗಿನ ಲಸಿಕೆಯ ಪ್ರಯೋಗಾಲಯವನ್ನು ತಂದ. ಸುತ್ತ ಬಟ್ಟೆಯ ಗಿರಣಿಗಳು ಎದ್ದವು. 1926ರಲ್ಲಿ ಕೆ.ಇ.ಎಂ. ಆಸ್ಪತ್ರೆ ಬಂತು. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪು ಬೀಜವಾಗಿ, ದೊರಾಬ್ಜಿ ಟಾಟಾ ಟ್ರಸ್ಟಿನವರು 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ತೆರೆದರು. 1962ರಿಂದ ಅದು ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗುವ ಮುಂಚೆ ಕರ್ನಾಟಕದವರು ಈ ಕಾಯಿಲೆಗೆ ಮುಂಬಯಿಯ ದಾರಿ ಹಿಡಿಯುತ್ತಿದ್ದರು. ಇಂದಿಗೂ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಬರುವವರು ನಿಂತಿಲ್ಲ. ಇವರಿಗೆ ಕೋಣೆ ಬೇಕಾದದ್ದು ಎರಡು ರಾತ್ರಿಗಲ್ಲ. ಪರೀಕ್ಷೆಗೆ ಒಂದು ವಾರ, ಕಿರಣ ಚಿಕಿತ್ಸೆಯಾದರೆ ಐದಾರು ವಾರ. ದಿನಬಾಡಿಗೆಯ ಲಾಡ್ಜಿನಲ್ಲಿ ಅಷ್ಟು ದಿನ ಕಳೆದರೆ ಔಷಧಿಯ ದುಡ್ಡು ಕೋಣೆಗೇ ಹೋಗುತ್ತದೆ. ದೂರದ ಉಪನಗರದಲ್ಲಿ ಅಗ್ಗಕ್ಕೆ ಇಳಿದರೆ, ಕೀಮೋ ಮುಗಿಸಿ ನಿಲ್ಲಲಾಗದ ಹೆಂಗಸನ್ನು ಸಂಜೆಯ ಲೋಕಲಿನಲ್ಲಿ ಹೇಗೆ ಕರೆದೊಯ್ಯುವುದು? ಆಸ್ಪತ್ರೆಯ ಸುತ್ತಿನ ಕಾಲುದಾರಿಯಲ್ಲಿ ಚಾಪೆ ಹಾಸಿ ಮಲಗಿದ ಕುಟುಂಬಗಳನ್ನು ಪರೇಲಿಗೆ ಹೋದವರೆಲ್ಲ ನೋಡಿದ್ದೇವೆ. ಅವರಿಗೆ ಊರ ನಡು ಎಂದರೆ ಆಸ್ಪತ್ರೆಯ ಗೇಟು. ಅದರಿಂದ ಎಷ್ಟು ಹೆಜ್ಜೆ ಎಂಬುದೊಂದೇ ಲೆಕ್ಕ.

ಹಳೆಯ ಧರ್ಮಶಾಲೆಯ ಪದ್ಧತಿ ಈ ಪ್ರದೇಶದಲ್ಲಿ ಮತ್ತೆ ಜೀವ ತಳೆದಿರುವುದು ಅದರಿಂದಲೇ. ಪೊರಕೆ ಹಿಡಿದು ಊರೂರು ಗುಡಿಸಿ, ಯ���ತ್ರಾಸ್ಥಳಗಳಲ್ಲಿ ಧರ್ಮಶಾಲೆಗಳನ್ನು ಕಟ್ಟಿಸಿದ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ದಾದರಿನಲ್ಲಿ ರೋಗಿಗಳಿಗೂ ಅವರ ಜೊತೆಯವರಿಗೂ ಆಶ್ರಯ ಕೊಡುತ್ತದೆ. ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿಯ ಮನೆಯಿದೆ. ಹಿಂದಿನ ಸೇಠರ ಧರ್ಮಶಾಲೆ ಜಾತಿ ಕೇಳುತ್ತಿತ್ತು. ಇಲ್ಲಿ ಕೇಳುವುದು ಆಸ್ಪತ್ರೆಯ ಕಾಗದ.

ನಡು ಇನ್ನೂ ಸರಿಯುತ್ತಲೇ ಇದೆ. ಕಫ್ ಪರೇಡಿನಿಂದ ಆರೇವರೆಗೆ ನೆಲದಡಿಯ ಮೂರನೆಯ ಮೆಟ್ರೊ ಮಾರ್ಗ, 27 ನಿಲ್ದಾಣಗಳ 33.5 ಕಿಲೋಮೀಟರು, 2025ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ಸಿ.ಎಸ್.ಎಂ.ಟಿ., ಮುಂಬಯಿ ಸೆಂಟ್ರಲ್, ದಾದರ್, ವಿಮಾನ ನಿಲ್ದಾಣ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತಾಗಿದೆ. ಹೈಕೋರ್ಟಿನ ಕೆಲಸಕ್ಕೆ ಬಂದವರು ಫೋರ್ಟಿನಲ್ಲೇ ಇಳಿಯಬೇಕೆಂಬ ಹಳೆಯ ಕಟ್ಟುಪಾಡು ಇನ್ನು ಸಡಿಲಾದೀತು. ಅದೇ ತಿಂಗಳು ನವಿ ಮುಂಬಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಪನ್‌ವೇಲಿನ ಸುತ್ತ ಹೊಸ ಹೋಟೆಲುಗಳ ಬೋರ್ಡುಗಳು ಏಳುವುದನ್ನು ನಾವೇ ನೋಡುತ್ತೇವೆ.

ಟಾಟಾ ಆಸ್ಪತ್ರೆಗೆ ಬರುವವರಿಗಂತೂ ಒಂದು ಎಚ್ಚರಿಕೆ ಅಗತ್ಯ. ಆ ಸಂಸ್ಥೆಯ ಇನ್ನೊಂದು ಕೇಂದ್ರ ಕೊಲ್ಲಿಯ ಆಚೆ, ನವಿ ಮುಂಬಯಿಯ ಖಾರ್‌ಘರಿನಲ್ಲಿದೆ. ಹಲವರ ಚಿಕಿತ್ಸೆ ನಡೆಯುವುದು ಅಲ್ಲಿ. ಪರೇಲಿನ ಬಳಿ ಮುಂಗಡ ಕೊಟ್ಟು ಕೋಣೆ ಹಿಡಿದ ಮೇಲೆ ಖಾರ್‌ಘರಿಗೆ ಬರೆದುಕೊಟ್ಟರೆ ಮುಂಗಡವೂ ಹೋಯಿತು, ದಿನವೂ ಹೋಯಿತು. ಮೊದಲ ಭೇಟಿಗೆ ಎರಡು ಮೂರು ದಿನದ ಲೆಕ್ಕದಲ್ಲಿ ದಾದರ್-ಪರೇಲಿನ ಕಡೆ ಇಳಿಯಿರಿ. ಚಿಕಿತ್ಸೆ ಎಲ್ಲಿ, ಎಷ್ಟು ವಾರ ಎಂಬುದನ್ನು ವೈದ್ಯರು ಹೇಳಿದ ಮೇಲೆ ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಿ. ಧರ್ಮಶಾಲೆಗಳಿಗೆ ಪತ್ರ ಕೊಡುವವರು ಅವರೇ. ರೈಲಿನ ರಿಯಾಯಿತಿಗೆ ಬೇಕಾದ ಕಾಗದವೂ ಆಸ್ಪತ್ರೆಯಿಂದಲೇ ಸಿಗುತ್ತದೆ. ರೋಗಿಯ ಫೈಲು, ಜೊತೆಯವರಿಬ್ಬರ ಗುರುತಿನ ಚೀಟಿ, ಅವುಗಳ ನಾಲ್ಕು ನಾಲ್ಕು ಪ್ರತಿ ಕೈಯಲ್ಲಿರಲಿ. ಹಿಂದಿ, ಮರಾಠಿ ಬಾರದಿದ್ದರೆ ಹೊರಡುವ ಮುಂಚೆ ಇಲ್ಲಿಯ ಕನ್ನಡ ಸಂಘಗಳಲ್ಲಿ ಯಾವುದಕ್ಕಾದರೂ ಒಂದು ಫೋನು ಮಾಡಿ. ಮೊದಲ ದಿನ ಗೇಟಿನ ಬಳಿ ನಿಂತು ಕರೆದೊಯ್ಯಲು ಒಬ್ಬರು ಸಿಕ್ಕಿಯಾರು.